ಮೂಗಕ್ಕನ ಉಸಿರು

ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಆ ಹೆಸರು ಕೇಳಿ, ಪಾಪ, ಮಾತು ಬಾರದ ಹೆಂಗಸು ಎಂದುಕೊಂಡು ಕೈಸನ್ನೆ ಮಾಡಿ ಮಾತಾಡಿಸಲು ಹೋಗುತ್ತಿದ್ದರು. ಅವಳೂ ಸ್ವಲ್ಪ ಹೊತ್ತು ಕೈಸನ್ನೆಯಲ್ಲೇ ಉತ್ತರ ಕೊಟ್ಟು ಆಟವಾಡಿಸಿ, ಕೊನೆಗೆ, "ಆಯ್ತಾ? ಇನ್ನು ಬಾಯಿ ಬಿಟ್ಟು ಹೇಳಿ, ಏನು ಬೇಕಿತ್ತು?" ಎನ್ನುತ್ತಿದ್ದಳು. ಮಾತಿಗೆ ಅವಳಲ್ಲಿ ಯಾವತ್ತೂ ಬರವಿರಲಿಲ್ಲ. ಆ ಹೆಸರು ಬಂದದ್ದು ಅವಳ ಮೂಗಿನಿಂದ. ಅವಳು ಕೆಲಸ ಮಾಡುತ್ತಿದ್ದ ಅಮೈನುಗಳೆಂಬ ವಸ್ತುಗಳಿಗೆ ಹಳಸಿದ ಮೀನಿನಂಥ ನಾತ. ಆದರೂ ಒಂದೊಂದರದು ಒಂದೊಂದು ಬಗೆ. ಬಾಗಿಲಲ್ಲಿ ನಿಂತೇ, ಇವತ್ತು ಯಾವ ಸೀಸೆಯ ಮುಚ್ಚಳ ಸಡಿಲವಾಗಿದೆ ಎಂದು ಅವಳು ಹೇಳಿಬಿಡುತ್ತಿದ್ದಳು.

ಆ ನಾತ ಅವಳ ಕೂದಲಿಗೆ, ಬಟ್ಟೆಗೆ, ಕೈಚೀಲದ ಹಿಡಿಕೆಗೆ ಅಂಟಿಕೊಂಡು ಮನೆಗೂ ಬರುತ್ತಿತ್ತು. ಮನೆಯಲ್ಲಿದ್ದವರು ಮೂರೇ ಜನ: ಅವಳು, ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಗಂಡ, ಅವಳ ಅಮ್ಮ. ಜೊತೆಗೊಂದು ಬೆಕ್ಕು. ಸಂಜೆ ಅವಳು ಬಾಗಿಲು ತೆರೆದರೆ ಮೊದಲು ಓಡಿ ಬರುತ್ತಿದ್ದುದು ಬೆಕ್ಕು. ಕಾಲಿಗೆ ಸುತ್ತಿಕೊಂಡು, ಸೆರಗು ಮೂಸಿ, ಮೀನು ಎಲ್ಲಿ ಎಂಬಂತೆ ಮುಖ ನೋಡುತ್ತಿತ್ತು.

"ಅಳಿಯಂದಿರೇ, ಈ ಮನೇಲಿ ಅವಳನ್ನ ನಿಜವಾಗಿ ಪ್ರೀತಿಸೋದು ಬೆಕ್ಕೊಂದೇ ನೋಡಿ," ಎಂದು ಅಮ್ಮ ನಗುತ್ತಿದ್ದಳು.

"ನಾನೂ ಪ್ರೀತಿಸ್ತೀನಿ ಅತ್ತೆ, ಸ್ನಾನ ಆದ್ಮೇಲೆ," ಎನ್ನುತ್ತಿದ್ದ ಅಳಿಯ.

ಅವಳ ಕೆಲಸವೆಂದರೆ ಯೂರಿಯಾಗಳನ್ನು ಕಟ್ಟುವುದು. ಒಮ್ಮೆ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಯೂರಿಯಾ ಅಂದ್ರೆ ಗೊಬ್ಬರ ಅಲ್ವೇನೇ? ಮಾತ್ರೆ ಮಾಡ್ತೀವಿ ಅಂತೀಯ. ಜನಕ್ಕೆ ಗೊಬ್ಬರ ತಿನ್ನಿಸ್ತೀರಾ?"

"ಗೊಬ್ಬರದ್ದೇ ವಂಶ ಅಮ್ಮ, ಆದ್ರೆ ಬೇರೆ ಮನೆ," ಎಂದಳು ಅವಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಮ್ಮನ ಕೈಯನ್ನು ಒಂದು ಕಡೆ, ಗಂಡನ ಕೈಯನ್ನು ಇನ್ನೊಂದು ಕಡೆ ಹಿಡಿದುಕೊಂಡಳು. "ನೀನೊಂದು ಅಮೈನು, ಇವರೊಂದು ಅಮೈನು. ಮಧ್ಯೆ ಒಂದು ಕಾರ್ಬನ್, ಅದರ ತಲೆ ಮೇಲೆ ಒಂದು ಆಮ್ಲಜನಕ. ನೀವಿಬ್ಬರೂ ಎರಡು ಕಡೆಯಿಂದ ಅದನ್ನ ಹಿಡ್ಕೊಂಡ್ರೆ ಅದೇ ಯೂರಿಯಾ."

"ಮಧ್ಯೆ ಇರೋದು ನೀನು," ಎಂದ ಗಂಡ.

"ಹೂಂ."

"ಅತ್ತೆ ಒಂದು ಕಡೆ, ಅಳಿಯ ಒಂದು ಕಡೆ. ಪಾಪ, ಆ ಕಾರ್ಬನ್ನಿಗೆ ಬಿಡುವೇ ಇಲ್ಲ," ಎಂದಳು ಅಮ್ಮ.

ಮಧ್ಯದ ಆ ಕಾರ್ಬನ್ನನ್ನು ಎಲ್ಲಿಂದ ತಂದು ಕೂರಿಸುವುದು ಎಂಬುದರ ಮೇಲೇ ಅವಳ ಕಸುಬೆಲ್ಲ ನಿಂತಿತ್ತು. ಹಳೆಯ ದಾರಿ ಫಾಸ್ಜೀನ್ ಅನಿಲದ್ದು. ಯುದ್ಧದಲ್ಲಿ ಜನರನ್ನು ಕೊಲ್ಲಲು ಬಳಸಿದ ಅದೇ ಅನಿಲ. ಅದರ ಸಿಲಿಂಡರನ್ನು ಅವರ ಪ್ರಯೋಗಾಲಯದೊಳಗೆ ಬಿಡುತ್ತಿರಲಿಲ್ಲ. ಬದಲಿಗೆ ಅದೇ ಕೆಲಸವನ್ನು ಮಾಡಿಕೊಡುವ ಬಿಳಿ ಹರಳುಗಳು ಡಬ್ಬಿಯಲ್ಲಿ ಬರುತ್ತಿದ್ದವು. ಆ ಹರಳುಗಳ ಜೊತೆ ಮೊದಲನೆಯ ಅಮೈನನ್ನು ಸೇರಿಸಿದರೆ ಅದು ಐಸೋಸಯನೇಟ್ ಆಗುತ್ತದೆ. ಇದು ಹಸಿದ ವಸ್ತು, ಎದುರಿಗೆ ಏನು ಸಿಕ್ಕರೂ ಹಿಡಿದುಕೊಳ್ಳುತ್ತದೆ. ಆಗ ಎರಡನೆಯ ಅಮೈನನ್ನು ತೊಟ್ಟುತೊಟ್ಟಾಗಿ ಬಿಟ್ಟರೆ ತಿಳಿಯಾಗಿದ್ದ ದ್ರವ ಹಾಲಿನಂತೆ ಬೆಳ್ಳಗಾಗಿ, ನೋಡುನೋಡುತ್ತಿದ್ದಂತೆ ಯೂರಿಯಾ ತಳಕ್ಕೆ ಇಳಿಯುತ್ತದೆ. ಆದರೆ ಒಂದಿಷ್ಟು ನೀರಿನ ಪಸೆ ತಗುಲಿದರೂ ಕೆಲಸ ಕೆಟ್ಟಿತು. ಐಸೋಸಯನೇಟಿನಲ್ಲಿ ಸ್ವಲ್ಪ ಮತ್ತೆ ಅಮೈನಾಗಿ, ತನ್ನ ಬಳಗದ್ದನ್ನೇ ಹಿಡಿದುಕೊಂಡು, ಎರಡೂ ಕಡೆ ಒಂದೇ ಮುಖವಿರುವ ಬೇಡದ ಯೂರಿಯಾ ಆಗುತ್ತದೆ. ಅದನ್ನು ಬೇರೆ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೂಗಕ್ಕನ ಫ್ಲಾಸ್ಕಿನಲ್ಲಿ ಮಾತ್ರ ಆ ಅವಳಿ ಯೂರಿಯಾ ಹೆಚ್ಚಾಗಿ ಹುಟ್ಟುತ್ತಿರಲಿಲ್ಲ. ಗಾಜನ್ನು ಒಲೆಯಲ್ಲಿ ಒಣಗಿಸಿ, ಬಿಸಿಯಿರುವಾಗಲೇ ಜೋಡಿಸಿ, ಒಣ ಸಾರಜನಕ ಹಾಯಿಸಿ, ಮಗುವಿಗೆ ಸ್ನಾನ ಮಾಡಿಸುವ ತಾಯಿಯಷ್ಟು ಗಮನವಿಟ್ಟು ಮಾಡುತ್ತಿದ್ದಳು. ಅವಳ ಪಕ್ಕದ ಮೇಜಿನವನು ಎತ್ತರದ ಆಳು, ಎಲ್ಲರಿಗೂ ಉದ್ದಣ್ಣ. "ನಿಮ್ಮ ಫ್ಲಾಸ್ಕು ನಿಮಗೆ ಹೆದರುತ್ತೆ ಮೂಗಕ್ಕ, ನಂದು ನನ್ನನ್ನೇ ಹೆದರಿಸುತ್ತೆ," ಎನ್ನುತ್ತಿದ್ದ.

ಕೆಮ್ಮು ಯಾವಾಗ ಶುರುವಾಯಿತೆಂದು ಅವಳಿಗೇ ನೆನಪಿಲ್ಲ. ಕೆಲಸದ ಜಾಗದಲ್ಲಿ ಬರುತ್ತಿರಲಿಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ಕೂತು ಉಸಿರು ಬಿಡೋಣವೆನ್ನುವಾಗ ಬರುತ್ತಿತ್ತು. ಹಾಗಾಗಿ ತಪ್ಪು ಮನೆಯದ್ದೇ ಎಂದಾಯಿತು. ಅಮ್ಮ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದಳು. ಗಂಡ ಸೀಮೆಸುಣ್ಣದ ಪುಡಿ ಬಟ್ಟೆಯಲ್ಲಿ ಬರುತ್ತಿರಬಹುದೆಂದು ಹೊರಗಿನ ನಲ್ಲಿಯ ಹತ್ತಿರವೇ ಅಂಗಿ ಬದಲಿಸತೊಡಗಿದ. ಪರದೆಗಳು ಹೋದವು, ಹಳೆಯ ಕಂಬಳಿ ಹೋಯಿತು. ಕಡೆಗೆ ಎಲ್ಲರ ಕಣ್ಣೂ ಬೆಕ್ಕಿನ ಮೇಲೆ ಬಿತ್ತು.

"ಅದರ ಕೂದಲೇ ಇರಬೇಕು ಕಣೇ," ಎಂದಳು ಅಮ್ಮ.

ಗಂಡ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ತನ್ನ ತಂಗಿಯ ಮನೆಗೆ ಬಿಟ್ಟು ಬಂದ. ಬೆಕ್ಕು ಹೋಯಿತು, ಕೆಮ್ಮು ಉಳಿಯಿತು. ಎದೆಯೊಳಗೆ ಯಾರೋ ಕೀಲಿಗೆ ಎಣ್ಣೆ ಹಾಕದ ಬಾಗಿಲನ್ನು ತೆರೆದು ಮುಚ್ಚಿದಂತೆ ಸದ್ದು ಬರತೊಡಗಿದ ಮೇಲೆ ಗಂಡ ಅವಳನ್ನು ಎದೆರೋಗದ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಒಂದು ಕೊಳವೆಗೆ ಜೋರಾಗಿ ಊದಲು ಹೇಳಿದರು. ಅದರ ಮುಳ್ಳು ಎಲ್ಲಿಯವರೆಗೆ ಹೋಯಿತೆಂದು ನೋಡಿದರು. ಆಮೇಲೆ ಕೇಳಿದರು, "ರಜೆಯಲ್ಲಿ ಹೇಗಿರುತ್ತೆ?"

ಅವಳು ಯೋಚಿಸಿದಳು. ಕಾರ್ಖಾನೆ ಮುಚ್ಚಿದ್ದ ವಾರ ಚೆನ್ನಾಗಿ ನಿದ್ದೆ ಬಂದಿತ್ತು. ಮೆಟ್ಟಿಲು ಹತ್ತಿದರೂ ಏದುಸಿರು ಬಂದಿರಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಗಿ ಮಾತು ನಿಲ್ಲಿಸಿದಳು.

"ಕೆಲಸದಲ್ಲಿ ಐಸೋಸಯನೇಟ್ ಏನಾದ್ರೂ ಬಳಸ್ತೀರಾ?"

"ಅದೇ ನನ್ನ ಕೆಲಸ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮ ದೇಹ ಅದನ್ನ ಗುರುತು ಹಿಡಿದುಬಿಟ್ಟಿದೆ. ಒಂದು ಸಲ ಹಿಡಿದ್ರೆ ಮತ್ತೆ ಮರೆಯಲ್ಲ. ಇಷ್ಟರ ತನಕ ಪರವಾಗಿಲ್ಲ ಅನ್ನೋ ಅಳತೆ ನಿಮಗೆ ಇನ್ನಿಲ್ಲ. ನಿಮ್ಮ ಮೂಗಿಗೆ ಗೊತ್ತಾಗೋ ಮೊದಲೇ ಎದೆಗೆ ಗೊತ್ತಾಗುತ್ತೆ."

"ಮಾಸ್ಕು ಹಾಕ್ಕೊಂಡ್ರೆ?"

"ದೂರ ಇದ್ರೆ ಒಳ್ಳೇದು," ಎಂದಷ್ಟೇ ಹೇಳಿದರು ಅವರು.

ಬಸ್ಸಿನಲ್ಲಿ ಮನೆಗೆ ಬರುವಾಗ ಗಂಡ ಕಿಟಕಿಯಾಚೆ ನೋಡುತ್ತ ಹೇಳಿದ, "ಬೆಕ್ಕನ್ನ ವಾಪಸ್ ತರಲಾ?" ಅವಳು ಬೇಡವೆಂದಳು. ಅದು ಅಲ್ಲಿ ಒಗ್ಗಿಕೊಂಡಿತ್ತು. ಅವಳ ಮೈಯಲ್ಲೂ ಇನ್ನು ಮೀನಿನ ವಾಸನೆ ಇರುವುದಿಲ್ಲವಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಕೆಟ್ಟವರಾಗಿರಲಿಲ್ಲ. ಡಾಕ್ಟರಮ್ಮನ ಚೀಟಿ ಓದಿ ಮುಖ ಸಪ್ಪೆ ಮಾಡಿಕೊಂಡರು. ಕಾರಿಡಾರಿನ ಆ ತುದಿಯಲ್ಲಿದ್ದ ಸಣ್ಣ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅವಳು ಸುಮ್ಮನೆ ಕೂರುವವಳಲ್ಲ. "ಐಸೋಸಯನೇಟೇ ಇಲ್ಲದ ದಾರೀಲಿ ಇದೇ ಯೂರಿಯಾ ಮಾಡಿ ತೋರಿಸ್ತೀನಿ ಸರ್. ಆಗ ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಒಳ್ಳೇದು," ಎಂದಳು.

"ಮಾಡಿ. ನಾನು ಬೇಡ ಅನ್ನಲ್ಲ," ಎಂದರು ಮುಖ್ಯಸ್ಥರು.

ದಾರಿಗಳು ಬೇರೆ ಇದ್ದವು. ಇಂಗಾಲದ ಡೈಆಕ್ಸೈಡಿನಿಂದಲೇ ಆ ಕಾರ್ಬನ್ನನ್ನು ತರಬಹುದು ಎನ್ನುತ್ತಾರೆ, ಆದರೆ ಅದು ಸೋಮಾರಿ ಅನಿಲ. ಬಿಸಿ ಮಾಡಿ, ಒತ್ತಡ ಹಾಕಿ ಎಬ್ಬಿಸಬೇಕು. ಅದಕ್ಕೆ ಬೇಕಾದ ಉಕ್ಕಿನ ಪಾತ್ರೆ ಅವರಲ್ಲಿರಲಿಲ್ಲ. ಅವಳು ಆರಿಸಿಕೊಂಡದ್ದು ಕಾರ್ಬಮೇಟಿನ ದಾರಿ. ಮೊದಲನೆಯ ಅಮೈನಿಗೆ ಕಾರ್ಬನ್ನನ್ನು ಕೂರಿಸುವಾಗಲೇ ಅದರ ಇನ್ನೊಂದು ಕೈಗೆ ಫೀನಾಲೆಂಬ ವಸ್ತುವನ್ನು ಹಿಡಿಸಿಬಿಡುವುದು. ಹಾಗೆ ಆದದ್ದೇ ಕಾರ್ಬಮೇಟ್, ಅದು ಹಸಿದು ಅಲೆಯುವುದಿಲ್ಲ. ಆಮೇಲೆ ಎರಡನೆಯ ಅಮೈನನ್ನು ಹಾಕಿ ಮೆಲ್ಲಗೆ ಬಿಸಿ ಮಾಡಿದರೆ ಫೀನಾಲು ಕೈ ಬಿಡುತ್ತದೆ, ಅಮೈನು ಆ ಕೈ ಹಿಡಿಯುತ್ತದೆ. ಕೇಳಲು ಸುಲಭ. ಆದರೆ ಕೈ ಬಿಟ್ಟ ಫೀನಾಲು ಮನೆ ಬಿಟ್ಟು ಹೋಗುತ್ತಿರಲಿಲ್ಲ. ಯೂರಿಯಾದ ಹರಳುಗಳ ನಡುವೆಯೇ ಅಡಗಿಕೊಂಡು ಆಸ್ಪತ್ರೆಯ ನೆಲದಂಥ ವಾಸನೆ ಬೀರುತ್ತಿತ್ತು. ಕ್ಷಾರದ ನೀರಿನಲ್ಲಿ ತೊಳೆದಳು, ದ್ರಾವಕ ಬದಲಿಸಿದಳು, ಬಿಸಿಯನ್ನು ಏರಿಸಿ ಇಳಿಸಿ ನೋಡಿದಳು. ಮಳೆಗಾಲ ಮುಗಿದು ಚಳಿಗಾಲವೂ ಅರ್ಧ ಕಳೆದಿತ್ತು. ಕೊನೆಗೊಂದು ದಿನ ಸೋಸುಬಟ್ಟೆಯ ಮೇಲೆ ಉಳಿದದ್ದು ಬರೀ ಬಿಳಿ ಸೂಜಿಗಳಂಥ ಹರಳು. ಮೂಸಿದರೆ ಯಾವ ವಾಸನೆಯೂ ಇಲ್ಲ. ಪರೀಕ್ಷೆಗೆ ಕಳಿಸಿದರೆ ಆ ಬೇಡದ ಅವಳಿಯೂ ಇಲ್ಲ.

ಅವಳಿಗೆ ತುಂಬ ವರ್ಷಗಳ ಮೇಲೆ ಸಿಕ್ಕ ಸಂತೋಷ ಅದು. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಮ್ಮ, "ಹಾಗಾದ್ರೆ ಇನ್ನು ಮೇಲೆ ಯಾರಿಗೂ ಆ ಹಾಳು ವಸ್ತು ಬೇಡ ತಾನೇ?" ಎಂದಳು. ಬೇಡವೆಂದೇ ಅವಳೂ ನಂಬಿದಳು.

ಮುಖ್ಯಸ್ಥರು ಅದನ್ನು ಮೇಲಿನವರ ಸಭೆಗೆ ಒಯ್ದರು. ಸಭೆಯ ಸುದ್ದಿ ಮೊದಲು ಗೊತ್ತಾದದ್ದು ಉದ್ದಣ್ಣನಿಗೆ. ಅವಳಿಗೆ ಅದನ್ನು ಬೇರೆ ಯಾರೋ ತಣ್ಣಗೆ ಹೇಳುವುದು ಬೇಡ, ತಾನೇ ಹೇಳಬೇಕು ಎಂದು ಅವನಿಗೆ ಅನ್ನಿಸಿತು. ಮಾಡುತ್ತಿದ್ದ ಐಸೋಸಯನೇಟಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಕೋಟು ಕೂಡ ಕಳಚದೆ ಕಾರಿಡಾರಿನ ಉದ್ದಕ್ಕೂ ಬಿರುಸಾಗಿ ನಡೆದು ಬಂದು ಅವಳ ಕೋಣೆಯ ಬಾಗಿಲು ತಳ್ಳಿದ.

"ಮೂಗಕ್ಕ, ಕೂತ್ಕೊಳ್ಳಿ. ಅವರು ಬೇಡ ಅಂದ್ರು. ದಾರಿ ಸರಿಯಾಗೇ ಇದೆಯಂತೆ. ಆದ್ರೆ ಸರ್ಕಾರದ ಒಪ್ಪಿಗೆ ಇರೋದು ಹಳೇ ದಾರಿಗೆ. ಬದಲಾಯಿಸಿದ್ರೆ ಮಾತ್ರೇನ ಮತ್ತೆ ಮೊದಲಿಂದ ಪರೀಕ್ಷೆ ಮಾಡಿ ಒಪ್ಪಿಸಬೇಕು, ವರ್ಷಗಟ್ಟಲೆ ಹಿಡಿಯುತ್ತೆ ಅಂತ..."

ಅವಳ ಮುಖ ತಗ್ಗಿತು, ಭುಜ ಕುಲುಕತೊಡಗಿತು. ಅವಳು ಅಳುತ್ತಿದ್ದಾಳೆಂದು ಉದ್ದಣ್ಣ ತಿಳಿದ. ಸಮಾಧಾನ ಮಾಡಲು ಹತ್ತಿರ ಬಂದು ಬಗ್ಗಿ, ಅವಳ ಭುಜದ ಮೇಲೆ ಕೈಯಿಟ್ಟ. ಅವನ ಕೋಟಿನ ತೋಳು ಅವಳ ಮುಖದ ಹತ್ತಿರವಿತ್ತು. ಅವಳು ಎರಡೂ ಕೈಯಿಂದ ಅವನನ್ನು ದೂಡಿದಳು. ಕೋಪದಲ್ಲಿ ದೂಡುತ್ತಿದ್ದಾಳೆಂದು ಅವನು ಇನ್ನಷ್ಟು ಹತ್ತಿರ ಬಂದ. ಅವಳ ತುಟಿ ನೀಲಿಯಾದದ್ದನ್ನು ಕಂಡಾಗಲೇ ಅವನಿಗೆ ತನ್ನ ಮೈಮೇಲಿನ ಕೋಟು ನೆನಪಾದದ್ದು.

ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾದಾಗ ಉದ್ದಣ್ಣ ವಾರ್ಡಿನ ಬಾಗಿಲಾಚೆ, ಸ್ನಾನ ಮಾಡಿ, ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ಒಳಗೆ ಬರಲು ಧೈರ್ಯವಿರಲಿಲ್ಲ.

"ಬನ್ನಿ, ಪರವಾಗಿಲ್ಲ," ಎಂದಳು ಅವಳು.

"ಬೇಡ ಮೂಗಕ್ಕ. ಇಲ್ಲಿಂದಲೇ ಮಾತಾಡ್ತೀನಿ," ಎಂದು ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಆಮೇಲೆ ಅವಳು ಪ್ರಯೋಗಾಲಯದ ಕಟ್ಟಡಕ್ಕೆ ಕಾಲಿಡಲಿಲ್ಲ. ರಸ್ತೆಯಾಚೆಗಿನ ಖರೀದಿ ವಿಭಾಗದಲ್ಲಿ ಅವಳಿಗೊಂದು ಮೇಜು ಕೊಟ್ಟರು. ಯಾವ ರಾಸಾಯನಿಕ ಎಲ್ಲಿಂದ ತರಿಸಬೇಕೆಂದು ನೋಡುವ ಕೆಲಸ. ಆ ಬಿಳಿ ಹರಳಿನ ಡಬ್ಬಿಗಳನ್ನು ತರಿಸುವ ಪತ್ರಕ್ಕೂ ಅವಳದೇ ಸಹಿ. ಅವಳ ಕಾರ್ಬಮೇಟಿನ ಬಿಳಿ ಸೂಜಿಗಳು ಒಂದು ಸೀಸೆಯಲ್ಲಿ ಯಾವುದೋ ಕಪಾಟು ಸೇರಿದವು. ಒಮ್ಮೊಮ್ಮೆ ಮಧ್ಯಾಹ್ನ ಕಿಟಕಿಯಿಂದ ಎದುರು ಕಟ್ಟಡ ನೋಡುತ್ತ, ಈಗ ಉದ್ದಣ್ಣ ಎರಡನೇ ಅಮೈನು ಬಿಡುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಜೊತೆಯವರು ಕೇಳಿದರೆ, "ಏನಿಲ್ಲ, ಕಣ್ಣಿಗೆ ವಿಶ್ರಾಂತಿ," ಎನ್ನುತ್ತಿದ್ದಳು.

ಇಷ್ಟಾದರೂ ಉಸಿರು ಸರಿಹೋದರೆ ಸಾಕು ಎಂದು ಮನೆಯವರು ಸಮಾಧಾನ ಮಾಡಿಕೊಂಡಿದ್ದರು. ಉಸಿರು ಸರಿಹೋಯಿತು ಕೂಡ. ಆದರೆ ಕೆಲವು ಸಂಜೆ ಬಸ್ಸಿಳಿದು ಮನೆಯ ಬೀದಿಗೆ ತಿರುಗಿದ ಕೂಡಲೇ ಎದೆ ಮತ್ತೆ ಬಿಗಿಯುತ್ತಿತ್ತು. ಮೊದಲು ಅದು ತನ್ನ ಭ್ರಮೆ ಎಂದುಕೊಂಡಳು. ಬೀದಿಯ ತಿರುವಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಒಂದು ತಗಡಿನ ಶೆಡ್ಡಿತ್ತು. ಒಂದು ಸಂಜೆ ಜೊತೆಗೆ ಬಂದ ಗಂಡ ಅದರ ಮುಂದೆ ಬಿಸಾಡಿದ್ದ ಡಬ್ಬಿಯೊಂದನ್ನು ಕಾಲಿನಿಂದ ತಿರುಗಿಸಿ ಅದರ ಮೇಲಿದ್ದದ್ದನ್ನು ಓದಿ ಹೇಳಿದ. ಬಣ್ಣ ಬೇಗ ಗಟ್ಟಿಯಾಗಿ ಹೊಳೆಯಲೆಂದು ಅದಕ್ಕೆ ಬೆರೆಸುವ ಇನ್ನೊಂದು ದ್ರವದ ಡಬ್ಬಿ ಅದು. ಒಳಗಿದ್ದದ್ದು ಐಸೋಸಯನೇಟ್.

ಅವಳು ದೂರದಲ್ಲಿ ನಿಂತು ನಕ್ಕಳು. ನಗು ಎಲ್ಲಿಂದ ಬಂತೋ ಗಂಡನಿಗೆ ತಿಳಿಯಲಿಲ್ಲ. "ನಾನು ಕೆಲಸ ಬಿಟ್ಟೆ. ಅದು ನನ್ನ ಬಿಡ್ಲಿಲ್ಲ ನೋಡಿ," ಎಂದಳು.

ಶೆಡ್ಡಿನ ಪೇಂಟರು ಅವಳಿಗಿಂತ ಸ್ವಲ್ಪ ಚಿಕ್ಕವನು, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಒಬ್ಬನೇ ಶೆಡ್ಡಿನ ಹಿಂದಿನ ಕೋಣೆಯಲ್ಲಿದ್ದ. ಗಂಡ ಹೋಗಿ ವಿಷಯ ತಿಳಿಸಿದಾಗ ಗಲಾಟೆ ಮಾಡಲಿಲ್ಲ. "ಅಯ್ಯೋ, ಮೊದಲೇ ಹೇಳ್ಬಾರ್ದಾ ಸಾರ್? ನಾನು ಬಣ್ಣ ಹೊಡಿಯೋವಾಗ ಗೇಟಿಗೆ ಕೆಂಪು ಬಟ್ಟೆ ಕಟ್ತೀನಿ. ಅಕ್ಕ ಅದನ್ನ ನೋಡಿ ಆ ಕಡೆ ಬೀದಿಯಿಂದ ಬರಲಿ," ಎಂದ. ಹೇಳಿದಂತೆಯೇ ನಡೆದುಕೊಂಡ. ಬಟ್ಟೆ ಇಲ್ಲದ ದಿನ ಅವಳು ಅವನ ಶೆಡ್ಡಿನ ಮುಂದೆಯೇ ಹಾದುಹೋಗುತ್ತ ನಿಂತು ಮಾತಾಡಿಸುತ್ತಿದ್ದಳು. ಅವನು ಬಣ್ಣಗಳ ವಿಷಯ ಹೇಳುತ್ತಿದ್ದ. ಯಾವ ಬಿಳಿ ಯಾವ ಬಿಳಿಗೆ ಹೊಂದುವುದಿಲ್ಲ, ಬಾಗಿಲಿಗೆ ಹೊಡೆದದ್ದು ಬಾನೆಟ್ಟಿಗೆ ಯಾಕೆ ಬೇರೆ ಕಾಣುತ್ತದೆ ಎಂದೆಲ್ಲ. ಅವಳಿಗೆ ಕಸುಬಿನ ಮಾತು ಕೇಳಿ ಬಹಳ ದಿನವಾಗಿತ್ತು.

ಹಾಗೆ ಮಾತಾಡುತ್ತಿದ್ದಾಗಲೇ ಒಂದು ದಿನ ಅವನು ಕೆಮ್ಮಿದ. ಬಾಗಿ, ಮೊಣಕಾಲು ಹಿಡಿದುಕೊಂಡು, ಕೊನೆಯಲ್ಲಿ ಸಣ್ಣ ಸಿಳ್ಳೆ ಬರುವಂತೆ ಕೆಮ್ಮಿದ. ಆ ಸಿಳ್ಳೆ ಅವಳಿಗೆ ಗೊತ್ತಿತ್ತು.

"ಎಷ್ಟು ದಿನದಿಂದ ಇದು?"

"ಇದಾ? ಹವಾ ಸರಿ ಇಲ್ಲ ಅಕ್ಕ."

"ಊರಿಗೆ ಹೋದಾಗ ಹೇಗಿರುತ್ತೆ?"

"ಊರಲ್ಲಿ ಆರಾಮ. ಕೆಮ್ಮೇ ಬರಲ್ಲ," ಎಂದು ಅವನು ನಕ್ಕ. "ಹೆಂಡತಿ ಕೈ ಊಟ ಅಲ್ವಾ."

ಅವಳು ಅಲ್ಲೇ ನಿಂತು ಅವನಿಗೆ ಎಲ್ಲ ಹೇಳಿದಳು. ತನಗೆ ಹೇಗೆ ಶುರುವಾಯಿತು, ಬೆಕ್ಕನ್ನು ಹೇಗೆ ಕಳಿಸಿದರು, ಡಾಕ್ಟರಮ್ಮ ಏನು ಕೇಳಿದರು, ಈ ವಸ್ತು ದೇಹದಲ್ಲಿ ಹೇಗೆ ಕೂರುತ್ತದೆ. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ ಇದಕ್ಕೆ ಯಾವ ಅಡ್ಡಿಯೂ ಅಲ್ಲ, ಈಗಲೇ ಬಿಟ್ಟರೆ ಇಷ್ಟಕ್ಕೇ ನಿಲ್ಲಬಹುದು ಎಂದಳು. ಅವನು ಬಣ್ಣದ ಕೈಗಳನ್ನು ಒರೆಸಿಕೊಳ್ಳುತ್ತ, ತಲೆ ತಗ್ಗಿಸಿ, ಗೌರವದಿಂದ ಕೇಳಿದ.

"ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ," ಎಂದಳು ಕೊನೆಗೆ.

"ನೋಡೋಣ ಅಕ್ಕ," ಎಂದ. ಕೈ ಒರೆಸಿದ ಚಿಂದಿಯನ್ನು ಮಡಿಸುತ್ತ, "ನಿಮಗೆ ನನ್ನಿಂದ ಇಷ್ಟು ತೊಂದರೆ ಆಗ್ತಿದೆ ಅಂತ ಗೊತ್ತಿರ್ಲಿಲ್ಲ. ಬಟ್ಟೆ ಕಟ್ಟಿದ್ರೆ ಸಾಕು ಅಂದ್ಕೊಂಡಿದ್ದೆ. ನೀವು ಬಾಯಿ ಬಿಟ್ಟು ಹೇಳೋಕೆ ಸಂಕೋಚ ಪಟ್ಕೊಂಡ್ರಿ," ಎಂದ.

"ನನ್ನ ವಿಷಯ ಅಲ್ಲಪ್ಪ, ನಾನು ನಿನ್ನ ಎದೆ ವಿಷಯ ಹೇಳ್ತಿರೋದು."

"ಅರ್ಥ ಆಯ್ತು ಅಕ್ಕ," ಎಂದ ಅವನು. ಅರ್ಥವಾಗಿರಲಿಲ್ಲ.

ಮರುವಾರ ಶೆಡ್ಡು ಖಾಲಿಯಾಗಿತ್ತು. ತಗಡುಗಳನ್ನೂ ಬಿಚ್ಚಿಕೊಂಡು ಹೋಗಿದ್ದ. ಊರ ಹೊರಗೆ, ಇಟ್ಟಿಗೆ ಗೂಡಿನ ಪಕ್ಕ ಜಾಗ ಹಿಡಿದಿದ್ದಾನೆಂದು ಮೂಲೆಯ ಅಂಗಡಿಯವನು ಹೇಳಿದ. ಬೀದಿಯವರಿಗೆಲ್ಲ ಖುಷಿ. ಬಣ್ಣದ ಘಾಟು ಹೋಯಿತು, ಒಣಹಾಕಿದ ಬಟ್ಟೆಗೆ ಕಲೆಯಿಲ್ಲ. ಎದುರುಮನೆಯಾಕೆ, "ನಾವು ಹೇಳಿ ಹೇಳಿ ಸಾಕಾಗಿತ್ತು. ನೀವು ಅದೇನು ಹೇಳಿದ್ರೋ, ಒಂದೇ ಮಾತಿಗೆ ಎದ್ದು ಹೋದ," ಎಂದು ಮೆಚ್ಚಿಕೊಂಡಳು. ಅಂದಿನಿಂದ ಮೂಗಕ್ಕ ಆ ಬೀದಿಯಲ್ಲಿ ನಿಶ್ಚಿಂತೆಯಿಂದ ಉಸಿರಾಡುತ್ತ ನಡೆಯಬಹುದಾಗಿತ್ತು. ಆದರೂ ಬಹಳ ದಿನ ಸುತ್ತುದಾರಿಯಲ್ಲೇ ಮನೆಗೆ ಬಂದಳು.

ಗಂಡ ಹೊಸ ಜಾಗಕ್ಕೆ ಹೋಗಿ, ವಿಷಗಾಳಿಗೆಂದೇ ಇರುವ ಒಳ್ಳೆಯ ಮಾಸ್ಕೊಂದನ್ನು ಕೊಟ್ಟು ಬಂದ. ಡಾಕ್ಟರಮ್ಮನಿಗೂ ತೋರಿಸಲು ಒಪ್ಪಿಸಿದ. ಪೇಂಟರು ಒಂದು ಸಲ ಹೋಗಿ ಕೊಳವೆ ಊದಿ ಬಂದ. ಮತ್ತೆ ಹೋಗಲಿಲ್ಲ.

ಬೇಸಿಗೆಯ ಒಂದು ಭಾನುವಾರ ಅವಳಿಗೆ ತಡೆಯಲಾಗಲಿಲ್ಲ. ಬಸ್ಸು ಹಿಡಿದು ಇಟ್ಟಿಗೆ ಗೂಡಿನವರೆಗೆ ಹೋದಳು. ಶೆಡ್ಡಿನಿಂದ ಬಣ್ಣ ಹೊಡೆಯುವ ಸದ್ದು ಕೇಳಿಸುತ್ತಿತ್ತು. ಹತ್ತಿರ ಹೋಗುವಂತಿರಲಿಲ್ಲ. ಬೀಳು ಹೊಲದ ಈಚೆ ಬದಿಯಲ್ಲಿ, ಗಾಳಿ ತನ್ನ ಬೆನ್ನಿನಿಂದ ಬೀಸುವ ಕಡೆ ನಿಂತು ಫೋನ್ ಮಾಡಿದಳು. ಸದ್ದು ನಿಂತಿತು. ಅವನು ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಅವಳನ್ನು ಹುಡುಕಿ ಕೈ ಬೀಸಿದ. ಮಾಸ್ಕು ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

"ಬನ್ನಿ ಅಕ್ಕ ಅನ್ನೋ ಹಾಗೂ ಇಲ್ಲ ನೋಡಿ," ಎಂದ ಫೋನಿನಲ್ಲಿ.

"ಅದನ್ನ ಮೂಗಿಗೆ ಹಾಕ್ಕೋಬೇಕು ಕಣಪ್ಪ, ಕುತ್ತಿಗೆಗಲ್ಲ."

"ಹಾಕ್ಕೊಂಡ್ರೆ ಬೆವರು ಕಣ್ಣಿಗೆ ಇಳಿಯುತ್ತೆ. ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತೆ."

"ಕೆಮ್ಮು?"

"ಇದೆ."

"ಡಾಕ್ಟರಮ್ಮ ಏನಂದ್ರು?"

"ನೀವು ಹೇಳಿದ್ದೇ ಅಂದ್ರು." ಅವನ ಉಸಿರಿನ ಸಿಳ್ಳೆ ಫೋನಿನಲ್ಲೂ ಕೇಳಿಸಿತು. "ಅಕ್ಕ, ನಿಮಗೆ ಆಫೀಸಲ್ಲಿ ಇನ್ನೊಂದು ಮೇಜು ಕೊಟ್ರು. ನನಗೆ ಯಾರು ಕೊಡ್ತಾರೆ? ನನಗೆ ಬರೋದು ಇದೊಂದೇ ಕೆಲಸ."

ಹೊಲದಾಚೆ ಅವನು ಬೆರಳೆತ್ತರ ಕಾಣುತ್ತ, ಕೈಯಲ್ಲಿ ಬಣ್ಣದ ಪಿಚಕಾರಿ ಹಿಡಿದು ನಿಂತಿದ್ದ. ಅದರೊಳಗೆ ಏನಿದೆ, ಅದು ಯಾವುದರ ಜೊತೆ ಹೇಗೆ ಸೇರುತ್ತದೆ ಎಂದು ಅವಳು ಬೇಕಾದರೆ ಸಂಜೆಯವರೆಗೆ ಹೇಳಬಲ್ಲವಳಾಗಿದ್ದಳು.

"ಇನ್ನು ನಾನು ಹೋಗ್ಲಾ ಅಕ್ಕ? ಕಲಸಿಟ್ಟಿರೋ ಬಣ್ಣ ಗಟ್ಟಿಯಾಗ್ಬಿಡುತ್ತೆ," ಎಂದ ಅವನು.

"ಹೋಗು," ಎಂದಳು.

ಅವನು ಒಳಗೆ ಹೋದ. ಸದ್ದು ಮತ್ತೆ ಶುರುವಾಯಿತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಗಾಳಿ ಸ್ವಲ್ಪ ತಿರುಗಿದಂತಾಯಿತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ರಸ್ತೆಯ ಆ ಬದಿಗೆ, ಅಲ್ಲಿಂದ ಇನ್ನಷ್ಟು ದೂರಕ್ಕೆ ಸರಿದು ನಿಂತಳು.